ಬುಟ್ಟಿಯ ನೀರು, ಬಿಂಬಲದ ಹುಳಿ

ನಮ್ಮ ಮನೆಯಲ್ಲಿ ನೀಲಿ ಬಾಟಲಿಯೂ ಇಲ್ಲ, ಹಸಿರು ಬಾಟಲಿಯೂ ಇಲ್ಲ. ಕಾರವಾರದ ಅಂಗಡಿಗಳಲ್ಲಿ ನೆಲಕ್ಕೊಂದು, ಗಾಜಿಗೊಂದು, ಸಿಂಕಿಗೊಂದು, ಕಮೋಡಿಗೊಂದು ಎಂದು ಸಾಲಾಗಿ ನಿಲ್ಲಿಸಿರುತ್ತಾರಲ್ಲ, ಆ ಸಾಲಿನ ಮುಂದೆ ನಾನು ತಲೆ ಎತ್ತಿಕೊಂಡೇ ಹಾದುಹೋಗುತ್ತೇನೆ. ನನ್ನ ಅಡುಗೆಮನೆಯಲ್ಲಿ ಹುಣಸೆಹಣ್ಣಿದೆ, ಹರಳುಪ್ಪಿದೆ, ಲಿಂಬೆಯಿದೆ, ಅಡುಗೆ ಸೋಡಾ ಇದೆ, ತೆಂಗಿನೆಣ್ಣೆಯಿದೆ, ಮಧ್ಯಾಹ್ನದ ಗಂಜಿ ತಿಳಿಯಿದೆ. ಇಷ್ಟರಲ್ಲಿ ಹೋಗದ ಕಲೆ ಬಾಟಲಿಗೂ ಹೋಗುವುದಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೇಳಿ ಬೈಸಿಕೊಂಡದ್ದೂ ಇದೆ.

"ಸಾರಿಗೆ ಹಾಕೋದನ್ನೆಲ್ಲ ನೆಲಕ್ಕೆ ಹಾಕ್ತೀ. ಒಂದಿನ ಮರೆತು ನೆಲಕ್ಕೆ ಹಾಕಿದ್ದನ್ನೇ ಸಾರಿಗೆ ಹಾಕ್ತೀ ನೋಡು," ಎಂದು ನನ್ನ ಗಂಡ ನಗುತ್ತಾರೆ. ನಗಲಿ. ಅವರ ಬಿಳಿ ಅಂಗಿಯ ಕಾಲರು ಇಷ್ಟು ವರ್ಷ ಬಿಳಿಯಾಗಿ ಉಳಿದದ್ದು ಯಾರ ಪುಣ್ಯದಿಂದ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಇದನ್ನೆಲ್ಲ ಕಲಿಸಿದ್ದು ನನ್ನ ತಾಯಿ. ನಾವು ಆಯಿ ಎನ್ನುತ್ತೇವೆ. ಅಂಕೋಲೆಯ ಕಡಲ ದಂಡೆಯಲ್ಲಿ ನಮ್ಮ ಮನೆ. ಅಪ್ಪನಿಗೆ ದೋಣಿ, ಆಯಿಗೆ ಬುಟ್ಟಿ. ಅಪ್ಪ ತೀರಿಕೊಂಡ ಮೇಲೆ ದೋಣಿ ಚಿಕ್ಕಪ್ಪನ ಕೈಗೆ ಹೋಯಿತು, ಬುಟ್ಟಿ ಮಾತ್ರ ಆಯಿಯ ತಲೆಯ ಮೇಲೆಯೇ ಉಳಿಯಿತು. ಇವತ್ತಿಗೂ ಅವಳು ಅಂಕೋಲೆ ಪೇಟೆಯಲ್ಲಿ ಕೂತು ಮೀನು ಮಾರುತ್ತಾಳೆ. ಮೊಣಕಾಲು ನೋಯುತ್ತದೆ, ಸಾಕು ಮಾಡು ಎಂದರೆ ಕಾಲಿಗೂ ಮಾರುವುದಕ್ಕೂ ಏನು ಸಂಬಂಧ, ಮಾರುವುದು ಬಾಯಿ ಎನ್ನುತ್ತಾಳೆ.

ನಾನು ಶಾಲೆಗೆ ಹೊರಡುವ ಮುನ್ನ ಆಯಿ ನನ್ನ ಎರಡೂ ಕೈ ಹಿಡಿದು, ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಚರಟದಿಂದ ತಿಕ್ಕುತ್ತಿದ್ದಳು. ಬೆರಳಿನ ಸಂದು, ಉಗುರಿನ ಅಡಿ, ಮಣಿಕಟ್ಟು. ಬೆಳಗ್ಗೆ ಮೀನು ಆರಿಸಲು ಕೂತ ಮಕ್ಕಳೆಲ್ಲರಿಗೂ ಇದೇ ಉಪಚಾರ. ಹುಳಿ ಮುಟ್ಟಿದರೆ ಮೀನಿನ ವಾಸನೆ ಬಿಟ್ಟುಬಿಡುತ್ತದೆ, ಸೋಪಿಗೆ ಅದು ಸಾಧ್ಯವಿಲ್ಲ. ಅಷ್ಟಾಗಿಯೂ ನಾನು ಕೂತ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಸರಿದು ಕೂತರು. ಒಬ್ಬಳು ಮೂಗು ಮುಚ್ಚಿಕೊಂಡಳು. ನಾನು ಅಳುತ್ತ ಮನೆಗೆ ಬಂದಾಗ ಆಯಿ ಸಮಾಧಾನವನ್ನೇನೂ ಮಾಡಲಿಲ್ಲ.

"ನಿನ್ನ ಕೈಗೆ ಹತ್ತಿದ್ದು ತೊಳೆದೆ, ಹೋತು. ಅವ್ರ ಮೂಗಿಗೆ ಹತ್ತಿದ್ದನ್ನ ಅವ್ರೇ ತೊಳ್ಕಳ್ಲಿ," ಎಂದಳು.

ಆ ಮಾತಿನ ಬಲದಲ್ಲೇ ನಾನು ಶಾಲೆ ಮುಗಿಸಿದೆ ಎಂದರೂ ತಪ್ಪಿಲ್ಲ. ಮೂಗು ಮುಚ್ಚಿಕೊಂಡವಳ ಪಕ್ಕದಲ್ಲೇ ಹೋಗಿ ಕೂರುತ್ತಿದ್ದೆ.

ಆಯಿಯಿಂದ ಕಲಿತದ್ದರಲ್ಲಿ ನನಗೆ ಇವತ್ತಿಗೂ ಇಷ್ಟವಾಗುವುದು ಇಶಾಡು ಮಾವಿನ ಸೊನೆಗೆ ಮಾಡುವ ಮದ್ದು. ಅಂಕೋಲೆಯಲ್ಲಿ ಬೇಸಿಗೆ ಬಂದರೆ ಅಂಗಿಗೆ ಸೊನೆ ತಾಗದ ಮಗುವೇ ಇಲ್ಲ. ಬೇರೆಯವರು ಸೋಪು ಹಾಕಿ ಉಜ್ಜಿ ಉಜ್ಜಿ ಬಟ್ಟೆ ಹರಿಯುತ್ತಾರೆ, ಕಲೆ ಕಪ್ಪಾಗುತ್ತದೆ. ಆಯಿ ಸೊನೆಯ ಮೇಲೆ ತೆಂಗಿನೆಣ್ಣೆ ಸವರಿ ಸ್ವಲ್ಪ ಹೊತ್ತು ಸುಮ್ಮನೆ ಬಿಡುತ್ತಿದ್ದಳು. ಸೊನೆ ಎಣ್ಣೆಯ ಜೊತೆ ಸಡಿಲವಾಗುತ್ತದೆ, ಆಮೇಲೆ ಎಣ್ಣೆಯನ್ನು ಸೋಪಿನಲ್ಲಿ ತೆಗೆದರಾಯಿತು. ರಕ್ತದ ಕಲೆಗೆ ತಣ್ಣೀರು, ಉಪ್ಪು. ಬಿಸಿನೀರು ಹಾಕಿದಿರೋ ಕೆಟ್ಟಿತು, ಅದು ಅಲ್ಲೇ ಕೂತುಬಿಡುತ್ತದೆ. ಅರಿಸಿನಕ್ಕೆ ಸೋಪು ಹಾಕಿದರೆ ಕೆಂಪಾಗಿ ಹೆದರಿಸುತ್ತದೆ, ಹೆದರಬೇಡಿ, ಬಿಸಿಲಿಗೆ ಹಾಕಿ, ಸಂಜೆಗೆ ತಾನೇ ಹೊರಟುಹೋಗುತ್ತದೆ. ಉಪ್ಪುಗಾಳಿಗೆ ಕಿಟಕಿ ಸರಳು ತುಕ್ಕು ಹಿಡಿದು ಪರದೆಗೆ ಕಲೆ ಮಾಡಿದರೆ ಲಿಂಬೆ ಹಿಂಡಿ ಉಪ್ಪು ಉದುರಿಸಿ ಬಿಸಿಲಲ್ಲಿಡಿ. ಗೇರುಹಣ್ಣಿನ ರಸದ ಕಲೆ ಮಾತ್ರ ಹೋಗುವುದಿಲ್ಲ. ಹೋಗುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸುವವರು ಗೇರುಹಣ್ಣನ್ನು ಮರದ ಮೇಲೆ ನೋಡಿದವರೇ ಅಲ್ಲ.

ಮದುವೆಯಾಗಿ ಬಹಳ ವರ್ಷ ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಕಾರವಾರದಲ್ಲಿ ಒಂದು ಕಟ್ಟಡದ ಮೂರನೇ ಮಹಡಿಗೆ ಬಂದೆವು. ಲಿಫ್ಟ್ ಇದೆ ಎನ್ನುವುದೇ ನನಗೆ ದೊಡ್ಡ ಸಂತೋಷವಾಗಿತ್ತು. ನನಗಾಗಿ ಅಲ್ಲ, ಆಯಿಗಾಗಿ. ಹಳೆಯ ಬಾಡಿಗೆ ಮನೆಯ ಮೆಟ್ಟಿಲು ಹತ್ತಲಾರದೆ ಅವಳು ಬರುವುದನ್ನೇ ಕಡಿಮೆ ಮಾಡಿದ್ದಳು. ಇಲ್ಲಿಗೆ ಬಂದ ಮೇಲೆ ವಾರಕ್ಕೊಮ್ಮೆ, ವ್ಯಾಪಾರ ಬೇಗ ಮುಗಿದ ದಿನ, ಅಂಕೋಲೆಯಲ್ಲಿ ಬಸ್ಸು ಹತ್ತಿ ಬರತೊಡಗಿದಳು. ಕಾರವಾರದ ಹೊರಗಿನ ಹೆದ್ದಾರಿ ಸುರಂಗ ದಾಟಿದ ಕೂಡಲೇ ಫೋನು ಮಾಡುತ್ತಾಳೆ: "ಅನ್ನಕ್ಕೆ ಇಡು, ನಾ ಬಂದೆ."

ಆಯಿ ಬಂದಳೆಂದರೆ ಬುಟ್ಟಿ ಬಂತು ಎಂದೇ ಅರ್ಥ. ನಮ್ಮ ಕಡೆಯ ಮೀನು ಮಾರುವ ಹೆಂಗಸರಲ್ಲಿ ಒಂದು ಪದ್ಧತಿಯಿದೆ. ಮಗಳ ಮನೆಗೆ ಬುಟ್ಟಿ ಹೊತ್ತು ಬಂದವಳು ಅದನ್ನು ಹೊರಗೆ ಇಳಿಸುವುದಿಲ್ಲ. ಅಂಗಳದಲ್ಲೂ ಇಲ್ಲ, ಜಗುಲಿಯಲ್ಲೂ ಇಲ್ಲ. ನೇರ ಅಡುಗೆಮನೆಗೆ ನಡೆದು ಅಲ್ಲೇ ಇಳಿಸಬೇಕು, ಮಗಳು ಅದರಿಂದ ಮೊದಲ ಮೀನು ತನ್ನ ಕೈಯಾರೆ ತೆಗೆದುಕೊಳ್ಳಬೇಕು, ಆಮೇಲೆ ನೀರು, ಚಹಾ, ಮಾತು. ಬುಟ್ಟಿಯೇ ಸಾಕಿದ್ದು ನಿನ್ನನ್ನು, ಅದನ್ನು ಹೊರಗಿಟ್ಟು ನಾನು ಮಾತ್ರ ಒಳಗೆ ಬರುವುದು ಹೇಗೆ ಎನ್ನುತ್ತಾಳೆ ಆಯಿ. ಬುಟ್ಟಿಗೆ ಜಾಗವಿಲ್ಲದ ಮನೆಗೆ ಅವಳು ಹೋಗುವುದಿಲ್ಲ. ನೆಂಟರಿಷ್ಟರಲ್ಲಿ ಅಂಥ ಒಂದೆರಡು ಮನೆಗಳಿವೆ, ಅವುಗಳ ಹೊಸ್ತಿಲನ್ನು ಅವಳು ತುಳಿದಿಲ್ಲ.

ಈಗಿನದು ಪ್ಲಾಸ್ಟಿಕ್ ಬುಟ್ಟಿಯಾದರೂ ತಳದಲ್ಲಿ ತೂತಿರುತ್ತದೆ. ಬಸ್ಸಿನ ಹಿಂದಿನ ಸೀಟಿನ ಕೆಳಗೆ ಕೂತು ಬಂದ ಬುಟ್ಟಿಯಿಂದ ಮಂಜುಗಡ್ಡೆ ಕರಗಿದ ನೀರು ತೊಟ್ಟಿಕ್ಕುತ್ತದೆ. ಲಿಫ್ಟಿನಲ್ಲಿ ಆಯಿ ತಲೆಯಿಂದ ಬುಟ್ಟಿ ಇಳಿಸಿ ನೆಲಕ್ಕಿಟ್ಟರೆ ಅಲ್ಲೊಂದು ದುಂಡಗಿನ ಒದ್ದೆ ಗುರುತು. ಒಂದು ಸಲ ಅದರ ಫೋಟೋ ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ಕೈಮುಗಿದ ಚಿತ್ರ, ಅದರ ಕೆಳಗೆ "ದಯವಿಟ್ಟು ಸಹಕರಿಸಿ". ಹಾಕಿದವರು ನಾಲ್ಕನೇ ಮಹಡಿಯ ಕಾಕಾ, ಕಟ್ಟಡದ ಕಮಿಟಿಯ ಸೆಕ್ರೆಟರಿ. ಲಿಫ್ಟಿನ ನೆಲಕ್ಕೆ ಬಿಳಿ ಮಾರ್ಬಲ್ಲೇ ಆಗಬೇಕೆಂದು ಹಟ ಹಿಡಿದು ಹಾಕಿಸಿದವರೂ ಅವರೇ.

ಸಂಜೆ ಕಾಕಾ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಅತ್ತಿಗೆ ಎನ್ನುವ ಹಾಗೆ ವಹಿನಿ ಎಂದು ಕರೆದು ಮೆತ್ತಗೆ ಹೇಳಿದರು. "ನಿಮ್ಮ ತಾಯಿಯವ್ರು ಬರೋದಕ್ಕೆ ಯಾರದ್ದೂ ತಕರಾರಿಲ್ಲ ವಹಿನಿ. ಬುಟ್ಟಿ ಒಂದು ಕೆಳಗೆ ವಾಚ್‌ಮನ್ ಹತ್ರ ಇಟ್ಟು ಬರ್ಲಿ. ವಾಸ್ನೆ ಅಲ್ವಾ, ಹಾಗಾಗಿ."

ವಾಸನೆಯಂತೆ. ಸೋಮವಾರ ಒಂದು ಬಿಟ್ಟರೆ ಈ ಕಟ್ಟಡದಲ್ಲಿ ಬಂಗಡೆ ಹುರಿಯುವ ಘಮ ಇಲ್ಲದ ಮಧ್ಯಾಹ್ನವೇ ಇಲ್ಲ. ಕಾಕಾ ಸ್ವತಃ ನೊಗಲಿ ಮೀನು ಬಂದಿದೆಯೇ ಎಂದು ಆಯಿಯನ್ನು ಗೇಟಿನ ಹತ್ತಿರ ತಡೆದು ಕೇಳಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನಗೆ ಮೈಯೆಲ್ಲ ಉರಿಯಿತು. ಆದರೆ ಜಗಳವಾಡಿದರೆ ಮಾತು ಆಯಿಯ ಕಿವಿಗೆ ಬೀಳುತ್ತದೆ, ಬಿದ್ದರೆ ಅವಳು ಬರುವುದಿಲ್ಲ. ಅವಳ ಸ್ವಭಾವ ನನಗೆ ಗೊತ್ತು. ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಗುರುತೇ ಇಲ್ಲದಿದ್ದರೆ ಯಾವುದರ ಫೋಟೋ ತೆಗೆಯುತ್ತೀರಿ, ನೋಡೇಬಿಡೋಣ ಎಂದುಕೊಂಡೆ.

ಅವತ್ತಿನಿಂದ ಆಯಿ ಬಂದು ಅಡುಗೆಮನೆಯಲ್ಲಿ ಬುಟ್ಟಿ ಇಳಿಸಿ, ನಾನು ಮೊದಲ ಮೀನು ತೆಗೆದು, ಅವಳ ಕೈಗೆ ಚಹಾ ಕೊಟ್ಟ ಕೂಡಲೇ "ಕಸ ಹಾಕಿ ಬರ್ತೆ" ಎಂದು ಹೊರಗೆ ಬರುತ್ತಿದ್ದೆ. ಕಸದ ಡಬ್ಬಿಯಲ್ಲಿ ಕಸದ ಬದಲು ಬಟ್ಟೆ, ಗಂಜಿ ತಿಳಿ, ಸೋಡಾ ಪುಡಿ. ಲಿಫ್ಟನ್ನು ಕೆಳಗಿಳಿಸಿ, ಒದ್ದೆಯನ್ನು ಮೊದಲು ಬಟ್ಟೆಗೆ ಹೀರಿಸಿ, ಗಂಜಿಯಿಂದ ಒರೆಸಿ, ಮೂಲೆಗಳಲ್ಲಿ ಸೋಡಾ ಉದುರಿಸಿ ಮತ್ತೆ ಒಣಬಟ್ಟೆಯಿಂದ ಎತ್ತುತ್ತಿದ್ದೆ. ಸ್ಟೀಲಿನ ಗೋಡೆಗೆ ಲಿಂಬೆಯ ಸಿಪ್ಪೆ ಸವರುತ್ತಿದ್ದೆ. ಕನ್ನಡಿಯ ಮೇಲಿನ ಊರವರ ಕೈಗುರುತುಗಳನ್ನೂ ಜೊತೆಗೇ ತೆಗೆದುಬಿಡುತ್ತಿದ್ದೆ. ಆ ಲಿಫ್ಟು ಹುಟ್ಟಿದಾಗಲೂ ಅಷ್ಟು ಚೊಕ್ಕವಾಗಿರಲಿಕ್ಕಿಲ್ಲ. "ಈಗೀಗ ಲಿಫ್ಟ್ ಕ್ಲೀನ್ ಇರ್ತದೆ, ಎಲ್ಲರಿಗೂ ಧನ್ಯವಾದ" ಎಂದು ಕಾಕಾ ಗುಂಪಿನಲ್ಲಿ ಹಾಕಿದರು. ಎಲ್ಲರಿಗೂ ಅಂತೆ! ನಾನು ಅದನ್ನು ಓದಿ ಒಬ್ಬಳೇ ನಕ್ಕೆ. ಗೆದ್ದೆ ಅನ್ನಿಸಿತ್ತು. ಅವರ ನೆಲ, ಅವರ ಮೂಗು, ನನ್ನ ಗಂಜಿ.

ಬೇಸಿಗೆಯ ಕೊನೆಗೆ ಅಗಸೂರಿನಲ್ಲಿರುವ ಗೆಳತಿಯೊಬ್ಬಳು ಒಂದು ಚೀಲ ಬಿಂಬಲ ಕಳಿಸಿದಳು. ಮರದ ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಳ್ಳುವ, ಬೆರಳುದ್ದದ ಹಸಿರು ಕಾಯಿ. ಕಚ್ಚಿದರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ನಾವು ಅದನ್ನು ಮೀನುಸಾರಿಗೆ ಹಾಕುತ್ತೇವೆ, ಹೆಚ್ಚಾದದ್ದನ್ನು ಜಜ್ಜಿ ಹಿತ್ತಾಳೆ ಬೆಳಗುತ್ತೇವೆ, ಮೀನು ಕೊಯ್ಯುವ ಹಲಗೆ ತಿಕ್ಕುತ್ತೇವೆ. ಅವತ್ತು ಆಯಿ ತಂದದ್ದು ತಾರ್ಲೆ ಮೀನು. ತಾರ್ಲೆಯ ಎಣ್ಣೆ ನೀರಿನ ಜೊತೆ ಇಳಿದು ಗುರುತು ಗಟ್ಟಿಯಾಗಿತ್ತು, ಗಂಜಿಗೆ ಜಗ್ಗಲಿಲ್ಲ. ನಾನು ಮೇಲೆ ಹೋಗಿ ಒಂದು ಹಿಡಿ ಬಿಂಬಲ ಜಜ್ಜಿ, ಹರಳುಪ್ಪು ಬೆರೆಸಿ, ಆ ಗುರುತಿನ ಮೇಲೆ ದಪ್ಪಗೆ ಮೆತ್ತಿದೆ. ಹಲಗೆಗೆ ಮೆತ್ತಿದರೆ ಹಾಗೇ ಬಿಡುವುದು ರೂಢಿ. ಮಧ್ಯಾಹ್ನದ ಹೊತ್ತು, ಲಿಫ್ಟಿಗೆ ಯಾರೂ ಬರುವುದಿಲ್ಲವೆಂದು ಹಾಗೇ ಬಿಟ್ಟು ಆಯಿಗೆ ಊಟ ಬಡಿಸಲು ಹೋದೆ.

ವಾಪಸು ಬಂದು ತೊಳೆದು ನೋಡಿದರೆ ಮೀನಿನ ಗುರುತು ಮಾಯವಾಗಿತ್ತು. ಜೊತೆಗೆ ಮಾರ್ಬಲ್ಲಿನ ಹೊಳಪೂ ಮಾಯವಾಗಿತ್ತು. ನಾನು ಮೆತ್ತಿದಷ್ಟೂ ಜಾಗ ಮಂಕಾಗಿ, ಮುಟ್ಟಿದರೆ ತರಿತರಿಯಾಗಿತ್ತು. ಒರೆಸಿದೆ, ಎಣ್ಣೆ ಸವರಿದೆ, ಸೋಡಾ ಹಾಕಿದೆ. ಏನು ಮಾಡಿದರೂ ಹೊಳಪು ಮರಳಲಿಲ್ಲ.

"ಮಾರ್ಬಲ್ ಅಂದ್ರೆ ಸುಣ್ಣದ ಕಲ್ಲೇ. ಸುಣ್ಣದ ಮೇಲೆ ಹುಳಿ ಹಾಕಿದ್ರೆ ತಿಂದು ಹಾಕದೆ ಬಿಡ್ತದಾ?" ಎಂದರು ನನ್ನ ಗಂಡ, ರಾತ್ರಿ ಊಟಕ್ಕೆ ಕೂತಾಗ. ಈ ಮಾತು ಮಧ್ಯಾಹ್ನವೇ ತಿಳಿದಿದ್ದರೆ ಚೆನ್ನಾಗಿತ್ತು. ನಾನು ಹುಟ್ಟಿದ ಮನೆಯ ನೆಲಕ್ಕೆ ಮೊದಲು ಸೆಗಣಿ, ಆಮೇಲೆ ಸಿಮೆಂಟು. ಸುಣ್ಣದ ಕಲ್ಲಿನ ಮೇಲೆ ಹುಳಿ ಚೆಲ್ಲುವ ಪ್ರಸಂಗವೇ ನಮಗೆ ಬಂದಿರಲಿಲ್ಲ. ನಮಗೆ ಗೊತ್ತಿದ್ದ ಹುಳಿ ಯಾವತ್ತೂ ನಮ್ಮ ಪರವಾಗಿಯೇ ಕೆಲಸ ಮಾಡಿತ್ತು.

ಮರುದಿನ ಫೋಟೋ ಬಂತು. ಈ ಸಲ ಕೈಮುಗಿದ ಚಿತ್ರ ಇರಲಿಲ್ಲ. "ಮೀನು ಬುಟ್ಟಿಯ ನೀರಿನಿಂದ ಮಾರ್ಬಲ್ ಹಾಳಾಗಿದೆ. ಭಾನುವಾರ ಎಲ್ಲರೂ ಪಾರ್ಕಿಂಗಿನಲ್ಲಿ ಸೇರಬೇಕು."

ಸೇರಿದೆವು. ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಇನ್ನು ಮುಂದೆ ಲಿಫ್ಟಿನಲ್ಲಿ ಮೀನು ಬುಟ್ಟಿ ನಿಷೇಧ, ತರುವವರು ಮೆಟ್ಟಿಲ ಮೇಲೆ ತರಲಿ ಎಂದು ಕಾಕಾ ಓದಿದರು. ಎಲ್ಲರೂ ನೆಲ ನೋಡುತ್ತ ಕೂತರು. ಬುಟ್ಟಿ ಹೊತ್ತು ಬರುವವಳು ಇಡೀ ಕಟ್ಟಡಕ್ಕೆ ಒಬ್ಬಳೇ, ಅವಳು ಯಾರ ತಾಯಿ ಎಂದು ಎಲ್ಲರಿಗೂ ಗೊತ್ತಿತ್ತು. ಆ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತುವುದೆಂದರೆ ಬರಬೇಡ ಎಂದೇ ಅರ್ಥ. ನಾನು ಎದ್ದುನಿಂತೆ.

"ಮಾರ್ಬಲ್ ಹಾಳು ಮಾಡಿದ್ದು ಮೀನಲ್ಲ ಕಾಕಾ, ನಾನು. ಬಿಂಬಲ ಹಾಕಿ ತಿಕ್ಕಿದ್ದು ನಾನೇ."

ಎರಡನೇ ಮಹಡಿಯ ಗೆಳತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಾಕಾ ಗಲಿಬಿಲಿಗೊಂಡರು. "ನೀವ್ಯಾಕೆ ತಿಕ್ಕೋದಕ್ಕೆ ಹೋದ್ರಿ?"

"ನೀವು ಫೋಟೋ ಹಾಕಿದ್ರಿ, ಅದಕ್ಕೆ. ಇಷ್ಟು ತಿಂಗಳು ಲಿಫ್ಟ್ ಕ್ಲೀನ್ ಇದ್ದದ್ದೂ ನನ್ನಿಂದಲೇ. ಎಲ್ಲರಿಗೂ ಧನ್ಯವಾದ ಹೇಳಿದ್ರಲ್ಲ, ಅದರಲ್ಲಿ ನನ್ನ ಪಾಲು ನನಗೆ ಕೊಡಿ."

"ಆಯ್ತು ವಹಿನಿ, ಆದ್ರೂ ಬುಟ್ಟಿ ಸೋರ್ತದಲ್ಲ. ಅದಕ್ಕೆ ನಿಯಮ."

"ನಿಮ್ಮ ಚೀಲ ಸೋರೋದಿಲ್ವಾ? ಪೇಟೆಯಿಂದ ಬಂಗಡೆ ತಂದವರು ಇಲ್ಲಿ ಯಾರು ಮೆಟ್ಟಿಲು ಹತ್ತಿ ಹೋಗಿದ್ದೀರಿ, ಕೈ ಎತ್ತಿ ನೋಡುವ."

"ಚೀಲ ಬೇರೆ, ಬುಟ್ಟಿ ಬೇರೆ."

"ಚೀಲದಲ್ಲಿ ಇರೋದೂ ಬಂಗಡೆ, ಬುಟ್ಟಿಯಲ್ಲಿ ಇರೋದೂ ಬಂಗಡೆ. ಬೇರೆ ಇರೋದು ಹೊತ್ತವರು. ಅದನ್ನ ಬಾಯ್ಬಿಟ್ಟು ಹೇಳಿ ಕಾಕಾ, ಸುಮ್ನೆ ಮಾರ್ಬಲ್ ಮೇಲೆ ಯಾಕೆ ಹಾಕ್ತೀರಿ?"

ಯಾರೂ ಕೈ ಎತ್ತಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ನಿಯಮ ಮಾತ್ರ ಆ ಸಂಜೆಯೇ ಗುಂಪಿನಲ್ಲಿ ಬಂತು. ನಾನು ಗಂಟಲು ಹರಿದುಕೊಂಡು ಆಡಿದ್ದರಿಂದ ಬದಲಾದದ್ದು ಒಂದೇ: ಅದರಲ್ಲಿ "ಮೀನು ಬುಟ್ಟಿ" ಎಂಬ ಮಾತು ಹೋಗಿ "ಸೋರುವ ಬುಟ್ಟಿಗಳು" ಎಂದು ಬಂದಿತ್ತು.

ಆ ವಾರ ಆಯಿ ಬರಲಿಲ್ಲ. ಫೋನು ಮಾಡಿದರೆ "ಮೀನಿಲ್ಲಾ ಮಗಾ" ಎಂದಳು. ಅವಳ ಹಿಂದೆ ಯಾರೋ ಬಂಗಡೆ ಪಾಲು ದುಬಾರಿಯಾಯಿತೆಂದು ಚೌಕಾಶಿ ಮಾಡುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮುಂದಿನ ವಾರವೂ ಮೀನಿಲ್ಲ. ಅದರ ಮುಂದಿನ ವಾರ ಬಸ್ಸಿಲ್ಲ. ಹೆದ್ದಾರಿಯಲ್ಲಿ ಬಸ್ಸಿಲ್ಲದ ದಿನವಿದೆಯೇ! ನಾನು ಚಪ್ಪಲಿ ಮೆಟ್ಟಿ ಅಂಕೋಲೆಯ ಬಸ್ಸು ಹತ್ತಿದೆ.

ಪೇಟೆಯಲ್ಲಿ ತನ್ನ ಜಾಗದಲ್ಲೇ ಕೂತಿದ್ದಳು. ಬುಟ್ಟಿಯ ತುಂಬ ಹೊಳೆಯುವ ಬಂಗಡೆ. ನನ್ನನ್ನು ನೋಡಿ ಪಕ್ಕದಲ್ಲಿ ಒಂದು ಮಣೆ ಸರಿಸಿದಳು, ಗಿರಾಕಿಯ ಜೊತೆಗಿನ ಮಾತು ನಿಲ್ಲಿಸಲಿಲ್ಲ. ಗಿರಾಕಿ ಹೋದ ಮೇಲೆ ನಾನೇ ಶುರುಮಾಡಿದೆ.

"ಲಿಫ್ಟಿನ ಸುದ್ದಿ ವಾಚ್‌ಮನ್ ಫೋನ್ ಮಾಡಿ ಹೇಳ್ದನಾ?"

"ಹೇಳ್ದ. ಅವ್ನ ಮೇಲೆ ಸಿಟ್ಟಾಗ್ಬೇಡಾ."

"ನಾ ಬಿಡ್ಲಿಲ್ಲ ಆಯಿ. ಎಲ್ಲರ ಮುಂದೆ ಆಡ್ದೆ. ಕಾಕಾನ ಮುಖ ನೋಡ್ಬೇಕಿತ್ತು ನೀ."

"ಅವ್ರ ಮುಖ ನಂಗೆ ಹೊಸದಾ? ಒಂದು ಕೈಲಿ ಮೂಗು ಹಿಡ್ಕಂಡು ಇನ್ನೊಂದು ಕೈಲಿ ಮೀನು ಆರಿಸೋರನ್ನ ಜನ್ಮಪೂರ್ತಿ ಕಂಡಿದ್ದೆ. ಅವ್ರು ಬರಬೇಡಾ ಅಂದ್ರೆ ನಾ ಇನ್ನೂ ಎರಡು ದಿನ ಜಾಸ್ತಿ ಬತ್ತಿದ್ದೆ." ಬಂಗಡೆಗಳ ಮೇಲೆ ನೀರು ಚಿಮುಕಿಸಿದಳು. "ನೀ ಎಂತಕ್ಕೆ ಒರೆಸ್ದೆ?"

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ನಾ ಬಂದ ದಿನ ಮಾತ್ರ ನಿನ್ನ ಮನೇಲಿ ಕಸ ಆಗ್ತದೆ, ಅಲ್ದಾ? ನೀ ಚಹಾ ಕೈಗೆ ಕೊಟ್ಟು ಹೋತೆ, ಕೈಯೆಲ್ಲ ಸೋಡಾ ಬಳ್ಕಂಡು ಬತ್ತೆ. ನಂಗೆ ಕಣ್ಣಿಲ್ವಾ ಮಗಾ?"

ಮೊದಲ ದಿನದಿಂದಲೇ ಅವಳಿಗೆ ಗೊತ್ತಿತ್ತು. ನಾನು ಶತ್ರುವನ್ನು ಸೋಲಿಸಿದೆನೆಂದು ಬೀಗುತ್ತ ಮೇಲೆ ಬರುತ್ತಿದ್ದಾಗಲೆಲ್ಲ ಅವಳು ತಣ್ಣಗಾದ ಚಹಾ ಹಿಡಿದು ನನ್ನ ಕೈ ನೋಡುತ್ತಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಪೇಟೆಯ ನಡುವೆ ಎಂಬುದನ್ನೂ ಮರೆತು ದನಿ ಎತ್ತಿದೆ.

"ನಿಂಗಾಗೇ ಒರೆಸಿದ್ದು! ನೀ ಬರೂದು ನಿಲ್ಲಬಾರ್ದು ಹೇಳಿ. ನನ್ನ ಕೈಯನ್ನ ಹುಣಸೆ ಹಾಕಿ ತಿಕ್ಕಿ ಶಾಲೆಗೆ ಕಳಿಸ್ತಿದ್ದವಳು ನೀನೇ ಅಲ್ವಾ? ನೀ ತಿಕ್ಕಿದ್ರೆ ಸರಿ, ನಾ ತಿಕ್ಕಿದ್ರೆ ತಪ್ಪಾ?"

"ನಾ ತಿಕ್ಕಿದ್ದು ಬಾಗಿಲಲ್ಲಿ ಕೂತು. ಊರೆಲ್ಲ ನೋಡ್ತಿತ್ತು." ಆಯಿ ದನಿ ಎತ್ತಲಿಲ್ಲ. "ತಿಕ್ಕೂದು ತಪ್ಪಲ್ಲ. ನಂಗಾಗಿ ಒರೆಸೂದಾಗಿದ್ರೆ ನನ್ನ ಮುಂದೇ ಒರೆಸ್ಬೇಕಿತ್ತು."

ಪಕ್ಕದ ಮೀನಿನವಳು ನಮ್ಮ ಕಡೆ ನೋಡದಂತೆ ನಟಿಸುತ್ತಿದ್ದಳು. ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಇಷ್ಟು ದಿನ ನಾನು ಕಾಕಾನ ಎದುರು ಹೋರಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕದ್ದು ಮಾಡುವುದು ಎಂಥ ಹೋರಾಟ! ಕಾಕಾ ಹೇಳಿದ್ದನ್ನೇ ನಾನು ಮಾಡಿಕೊಟ್ಟಿದ್ದೆ, ಅದೂ ಅವರಿಗಿಂತ ಚೊಕ್ಕವಾಗಿ. ಆಯಿ ಬಂದೇ ಇಲ್ಲವೆನ್ನುವ ಹಾಗೆ.

"ಏಳು," ಎಂದೆ.

"ಎಲ್ಲಿಗೆ?"

"ನನ್ನ ಮನೆಗೆ. ಬುಟ್ಟಿ ಸಮೇತ."

"ಮೀನು ಮಾರಿ ಆಗ್ಲಿಲ್ಲ."

"ಕಾರವಾರದಲ್ಲಿ ಮಾರು. ಗಿರಾಕಿಗಳಿದ್ದಾರೆ."

 ಆಯಿ ಸಿಂಬೆ ಸುತ್ತಿ ತಲೆಗಿಟ್ಟುಕೊಂಡಳು. "ಎತ್ತು ಹಂಗಾದ್ರೆ, ಒಂದು ಕೈ ಹಾಕು," ಎಂದಳು.

ಬಸ್ಸಿನಲ್ಲಿ ಕಂಡಕ್ಟರ್ ಬುಟ್ಟಿ ಹಿಂದಕ್ಕೆ ಎಂದ, ನಾವಿಬ್ಬರೂ ಹಿಂದಕ್ಕೇ ಕೂತೆವು. ಅಂಕೋಲೆ ದಾಟುವಷ್ಟರಲ್ಲಿ ಆಯಿ ನಿದ್ದೆಹೋದಳು. ನಾನು ಎಚ್ಚರವಾಗಿದ್ದು, ಕಾಕಾನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಹೊಂದಿಸಿಕೊಂಡೆ. ಬಹಳ ಒಳ್ಳೆಯ ಮಾತುಗಳು. ಒಂದೂ ಬೇಕಾಗಲಿಲ್ಲ.

ಲಿಫ್ಟಿನ ಬಾಗಿಲು ತೆರೆದು ನಾವು ಒಳಗೆ ಹೋಗುತ್ತಿದ್ದಂತೆ ಕಾಕಾ ಗೇಟಿನಿಂದ ಬಂದರು. ಕೈಯಲ್ಲಿ ತೆಳ್ಳನೆಯ ಚೀಲ, ಅದರಲ್ಲಿ ಶೆಟ್ಲಿಯ, ಅಂದರೆ ಸಿಗಡಿಯ, ಮೀಸೆಗಳು ಹೊರಗೆ ಚುಚ್ಚಿಕೊಂಡಿದ್ದವು. ಬುಟ್ಟಿ ನೋಡಿ ಅಲ್ಲೇ ನಿಂತರು.

"ಬನ್ನಿ ಕಾಕಾ, ಜಾಗ ಇದೆ," ಎಂದೆ.

"ವಹಿನಿ, ನಿಯಮ ಆಗಿದೆ..."

"ಆಗಿದೆ. ಬರ್ತೀರಾ, ಇಲ್ವಾ?"

ಅವರು ಬರಲಿಲ್ಲ. ಬಾಗಿಲು ಮುಚ್ಚಿತು. ಬುಟ್ಟಿಯ ನೀರು ಆ ಮಂಕಾದ ಮಾರ್ಬಲ್ಲಿನ ಮೇಲೆ ತೊಟ್ಟಿಕ್ಕುತ್ತ ನಮ್ಮ ಜೊತೆ ಮೂರನೇ ಮಹಡಿಗೆ ಬಂತು. ಬುಟ್ಟಿ ಅಡುಗೆಮನೆಗೆ ಹೋಯಿತು. ನಾನು ಮೊದಲ ಬಂಗಡೆ ತೆಗೆದುಕೊಂಡೆ. ಚಹಾಕ್ಕೆ ನೀರಿಡಲು ಹೋದರೆ ಆಯಿ ತಡೆದಳು.

"ಚಹಾ ಆಮೇಲೆ. ಬಟ್ಟೆ ತಾ, ಒರೆಸಿ ಬರುವ."

"ಹುಳಿ ಬೇಡ ಆಯಿ, ಸೋಡಾ ಸಾಕು. ಆ ಕಲ್ಲಿಗೆ ಹುಳಿ ಆಗೂದಿಲ್ಲ."

"ಎಂತ ನಾಜೂಕಿನ ಕಲ್ಲೇನ!"

ಲಿಫ್ಟಿನ ಬಾಗಿಲು ಮುಚ್ಚದಂತೆ ಆಯಿ ಅದಕ್ಕೆ ಬೆನ್ನು ಕೊಟ್ಟು, ನೋಯುವ ಕಾಲು ಚಾಚಿ ನೆಲದಲ್ಲೇ ಕೂತಳು. ನಾನು ಮಂಡಿಯೂರಿ ಒರೆಸತೊಡಗಿದೆ. ಬಾಗಿಲು ಬಂದು ಅವಳ ಭುಜಕ್ಕೆ ತಾಗುವುದು, ಮತ್ತೆ ಹಿಂದೆ ಹೋಗುವುದು. ಲಿಫ್ಟು ಕೀ ಕೀ ಎಂದು ಕೂಗಲು ಶುರುಮಾಡಿತು. ಆ ಕೂಗು ಇಡೀ ಕಟ್ಟಡಕ್ಕೆ ಕೇಳುತ್ತದೆ. ಎರಡನೇ ಮಹಡಿಯಲ್ಲಿ ಬಾಗಿಲು ತೆರೆದ ಸದ್ದಾಯಿತು, ನಮ್ಮ ಮಹಡಿಯಲ್ಲೂ ಯಾರೋ ಇಣುಕಿದರು. ಹಿಂದೆಲ್ಲ ಎಷ್ಟು ಅವಸರದಲ್ಲಿ ಒರೆಸುತ್ತಿದ್ದೆನೋ ಈಗ ಅಷ್ಟು ನಿಧಾನವಾಗಿ ಒರೆಸಿದೆ. ಮೂಲೆಗಳನ್ನು ಎರಡೆರಡು ಸಲ ತಿಕ್ಕಿದೆ. ಆಯಿ ಕೂತಲ್ಲಿಂದಲೇ ಅಲ್ಲಿ ಉಳೀತು, ಇಲ್ಲಿ ಉಳೀತು ಎಂದು ಬೆರಳು ತೋರಿಸುತ್ತಿದ್ದಳು.

ಕೆಳಗಿನಿಂದ ಕಾಕಾನ ದನಿ ಬಂತು. "ಲಿಫ್ಟ್ ಯಾರು ಹಿಡ್ಕೊಂಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಆಯಿ ಮೆಟ್ಟಿಲ ಕಡೆ ತಿರುಗಿ, ಅಂಕೋಲೆ ಪೇಟೆಯ ಈ ತುದಿಯಿಂದ ಆ ತುದಿಗೆ ಮುಟ್ಟಿಸುವ ದನಿಯಲ್ಲಿ ಕೂಗಿದಳು: "ನಾವು! ಬುಟ್ಟಿಯವ್ರು! ಒರೆಸ್ತಾ ಇದ್ದೆವು, ತಡೀರಿ!"

ಸ್ವಲ್ಪ ಹೊತ್ತು ತಡೆದರು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಕಾಕಾ ನಮ್ಮ ಮಹಡಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಅವರ ಚೀಲದಿಂದ ಹನಿ ಬೀಳುತ್ತಿತ್ತು, ಮೆಟ್ಟಿಲುದ್ದಕ್ಕೂ ಬಿದ್ದಿತ್ತು. ಇನ್ನೊಂದು ಮಹಡಿಗಾದರೂ ಲಿಫ್ಟು ಸಿಗಲೆಂದು ಬಾಗಿಲ ಹತ್ತಿರ ಬಂದರು. ನಾನು ಬಟ್ಟೆ ಹಿಂಡಿ ಎದ್ದುನಿಂತೆ. ಆಯಿ ಏಳಲಿಲ್ಲ, ಕಾಲನ್ನೂ ಮಡಚಲಿಲ್ಲ.

"ನಿಂತ್ಕಳಿ," ಎಂದಳು ಅವರಿಗೆ. "ನೆಲ ಹಸಿ ಅದೆ. ಒಣಗ್ಲಿ."

ಕಾಕಾ ನನ್ನತ್ತ ನೋಡಿದರು. ನಾನು ಆಯಿಯತ್ತ ನೋಡಿದೆ. ಬುಟ್ಟಿ ಇಟ್ಟ ಜಾಗ ಒಣಗುವವರೆಗೆ, ಶೆಟ್ಲಿಯ ಚೀಲ ಹಿಡಿದುಕೊಂಡು, ಅವರು ನನ್ನ ಆಯಿಯ ಎದುರು ನಿಂತೇ ಇದ್ದರು.